ಚಾಮುಂಡೇಶ್ವರಿಯ ಮೂಗು

ಕುಂಬಾರಕೊಪ್ಪಲಿನ ಆ ಮನೆಗೆ ಘಮ್ಮೆನ್ನುವ ಸೀಸೆ ಯಾವುದೂ ಕಾಲಿಡುವಂತಿರಲಿಲ್ಲ. ಅದು ಚಾಮುಂಡೇಶ್ವರಿ ಹಾಕಿದ ಕಾನೂನು. ದೇವರ ಮುಂದೆ ಊದುಬತ್ತಿ, ತಲೆಗೆ ಮಲ್ಲಿಗೆ, ಅಲ್ಲಿಗೆ ಮುಗಿಯಿತು. ಗಂಡ ಮಹದೇವು ಕುಡಿಯುತ್ತಿದ್ದ ಕಾಲದಲ್ಲಿ ಬಾಯಿ ತುಂಬ ಸೋಂಪು ಅಗಿದು, ಮೈ ತುಂಬ ಸ್ಪ್ರೇ ಹೊಡೆದುಕೊಂಡು ಮದುವಣಿಗನ ಹಾಗೆ ಮನೆಗೆ ಬರುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ! ಬೀದಿಗೆಲ್ಲ ಗೊತ್ತಿದ್ದದ್ದು ಅವನೊಬ್ಬನ ಪಾಲಿಗೆ ಗುಟ್ಟು.

ಹೋದ ವರ್ಷ ಕುಡಿದು ವ್ಯಾನು ಓಡಿಸಿ ಕೆಲಸ ಕಳೆದುಕೊಂಡು ಬಂದಾಗ ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಇನ್ನೊಂದ್ಸಲ ಕುಡುದ್ರೆ ಮಗಳ್ನ ಕರ್ಕಂಡು ಹೊರಟೋಯ್ತೀನಿ. ಆಮೇಲೆ ನೀವುಂಟು, ನಿಮ್ ಬಾಟ್ಲಿ ಉಂಟು."

ಅವನು ಬಿಟ್ಟ. ಬಿಟ್ಟೆ ಎಂದು ಬಾಯಲ್ಲಿ ಹೇಳಿದರೆ ನಂಬುವ ಹೆಂಗಸಲ್ಲ ಇವಳು. ದಿನಾ ಸಂಜೆ ಅವನು ಮನೆಗೆ ಬಂದ ಕೂಡಲೇ ಏನಾದರೂ ನೆಪ ತೆಗೆದು ಹತ್ತಿರ ಹೋಗಿ ಮೂಸುತ್ತಿದ್ದಳು. ಬೆವರು, ಪೆಟ್ರೋಲು, ಬೀಡಿ, ಇಷ್ಟೇ ಬಂದರೆ ಅವಳ ಎದೆ ತಣ್ಣಗಾಗುತ್ತಿತ್ತು. ಆಮೇಲೆ ಕಾಫಿ. ಅವನಿಗೂ ಇದು ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ನಿಂತಿರುತ್ತಿದ್ದ.

ಈಗ ಆ ಕಾನೂನನ್ನು ಅವಳೇ ಮುರಿಯುವ ಹೊತ್ತು ಬಂದಿತ್ತು. ಲಕ್ಷ್ಮೀಪುರಂನ ಡಾಕ್ಟರಮ್ಮ ಒಬ್ಬರು ಮಹದೇವುವನ್ನು ಕಾರಿನ ಡ್ರೈವರ್ ಆಗಿ ಇಟ್ಟುಕೊಳ್ಳಲು ಒಪ್ಪಿದ್ದರು. ಸೋಮವಾರದಿಂದ ಕೆಲಸ. "ನಂಗೆ ಬೆವರು ವಾಸನೆ ಆಗಲ್ಲ, ಮೈಗೆ ಏನಾದ್ರೂ ಹಾಕ್ಕೊಂಡು ಬನ್ನಿ" ಅಂದಿದ್ದರಂತೆ. ಇದೇ ಸಮಯ ಅಂತ ಮಗಳು ವರ್ಷಿಣಿ ಮನೆಗೂ ಒಂದು ಸ್ಪ್ರೇ ಬೇಕೆಂದು ಹಟ ಹಿಡಿದಳು. ಗೆಳತಿಯರು ಬಂದಾಗ ಬಚ್ಚಲ ಕಡೆಯಿಂದ ಮುಗ್ಗಲು ವಾಸನೆ ಬಂದು ಅವಳ ಮರ್ಯಾದೆ ಹೋಗುತ್ತದಂತೆ. ಹೀಗಾಗಿ ಶನಿವಾರ ಮಧ್ಯಾಹ್ನ ಮೂವರೂ ಲಷ್ಕರ್ ಮೊಹಲ್ಲಾದ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ನಿಂತಿದ್ದರು.

ಅಂಗಡಿಯ ಎದುರಿಗೇ ಬಾರು. ಚಾಮುಂಡೇಶ್ವರಿ ಅದನ್ನು ಮೊದಲೇ ಕಂಡು, ಗಂಡ ಅದಕ್ಕೆ ಬೆನ್ನು ಮಾಡಿ ನಿಲ್ಲುವ ಹಾಗೆ ಜಾಗ ನೋಡಿ ನಿಲ್ಲಿಸಿದ್ದಳು.

"ಇದು ಲ್ಯಾವೆಂಡರ್ ಆಂಟಿ. ರೂಮಿಗೆ ಚೆನ್ನಾಗಿರುತ್ತೆ." ಅಂಗಡಿಯ ಹುಡುಗಿ ಲಹರಿ ಕಾಗದದ ಪಟ್ಟಿಗೆ ಪಿಸಕ್ಕೆಂದು ಹೊಡೆದು ಮೂಗಿನ ಮುಂದೆ ಹಿಡಿದಳು.

"ಆಸ್ಪತ್ರೆ ನೆಲ ಒರ್ಸಿದಂಗದೆ ಕಣಮ್ಮ."

ಗುಲಾಬಿ ಬಂತು. ಕಿತ್ತಳೆ ಬಂತು. ಗಂಧ ಬಂತು, ಹೆಸರಿಗೆ ಮಾತ್ರ. ಮೈಸೂರಲ್ಲಿ ಹುಟ್ಟಿ ಬೆಳೆದವಳಿಗೆ ಗಂಧ ಯಾವುದೆಂದು ಈ ಡಬ್ಬಿ ಹೇಳಿಕೊಡಬೇಕೆ? ಕೊನೆಗೆ ವರ್ಷಿಣಿ ಮನೆಗೆಂದು ಮಲ್ಲಿಗೆಯದನ್ನು ಆರಿಸಿ ಎದೆಗೆ ಅವಚಿಕೊಂಡಳು.

ಇನ್ನು ಮೈಗೆ ಹಾಕುವುದು. ಲಹರಿ ಕಪ್ಪು ಡಬ್ಬಿಯೊಂದನ್ನು ತೆಗೆದು ಮಹದೇವುವಿನ ಮುಂಗೈಗೆ ಹೊಡೆದಳು. "ನಿಂಬೆಹಣ್ಣಿಂದು ಅಂಕಲ್. ಗಂಡಸರು ಜಾಸ್ತಿ ತಗೊಳ್ಳೋದು ಇದನ್ನೇ."

ಚಾಮುಂಡೇಶ್ವರಿಗೆ ಗುರುತು ಸಿಕ್ಕಿತು. ಅದೇ ವಾಸನೆ. ಬಾಗಿಲು ತೆಗೆದರೆ ಅವನಿಗಿಂತ ಮುಂಚೆ ಒಳಗೆ ಬರುತ್ತಿದ್ದ ವಾಸನೆ. ಗಂಡನ ಮುಖ ನೋಡಿದಳು, ಅದು ಬಿಳಿಚಿಕೊಂಡಿತ್ತು. ಅವನು ಕೈಯನ್ನು ಪ್ಯಾಂಟಿಗೆ ಉಜ್ಜಿದ. ಮತ್ತೆ ಉಜ್ಜಿದ.

"ನೀವು ನೋಡ್ತಿರಿ. ಗಾಡಿ ನೋ ಪಾರ್ಕಿಂಗಲ್ಲಿ ನಿಲ್ಸ್‌ಬುಟ್ಟಿದೀನಿ" ಎಂದವನೇ ಹೊರಟುಬಿಟ್ಟ.

ಮಗಳ ಎದುರಿಗೆ, ಅಂಗಡಿ ಹುಡುಗಿಯ ಎದುರಿಗೆ 'ನಿಲ್ರೀ' ಎಂದು ಕೂಗುವುದು ಹೇಗೆ? ಕತ್ತು ಚಾಚಿ ನೋಡಿದಳು. ಸ್ಕೂಟರು ಕಂಡಿತು, ಪಕ್ಕದಲ್ಲಿ ಅವನೂ ಕಂಡ. ಅಷ್ಟರಲ್ಲಿ ಸಿಟಿ ಬಸ್ಸೊಂದು ಬಂದು ಅಡ್ಡ ನಿಂತಿತು. ಅದು ಸರಿದಾಗ ಸ್ಕೂಟರು ಇತ್ತು, ಗಂಡ ಇರಲಿಲ್ಲ.

"ಅಮ್ಮ, ಇದು ನೋಡು, ಇದು ಅಪ್ಪಂಗೆ ಚೆನ್ನಾಗಿರುತ್ತೆ" ಎಂದು ವರ್ಷಿಣಿ ಒಂದಾದ ಮೇಲೊಂದು ಪಟ್ಟಿ ಹಿಡಿಯುತ್ತಿದ್ದಳು. ಚಾಮುಂಡೇಶ್ವರಿ ಮೂಸುತ್ತಲೇ ಇದ್ದಳು, ಕಣ್ಣು ಮಾತ್ರ ರಸ್ತೆಯಲ್ಲಿತ್ತು. ಸುಟ್ಟರೂ ಹುಟ್ಟುಗುಣ ಹೋಗುವುದಿಲ್ಲ ಅಂತ ಅವಳ ತಾಯಿ ಹೇಳುತ್ತಲೇ ಇದ್ದಳು. ಕುಡಿದಿದ್ದರೆ ಸೋಮವಾರದ ಕೆಲಸ ಹೋದ ಹಾಗೆಯೇ. ಕೆಲಸ ಹಾಳಾಗಲಿ, ತಾನು ಆಡಿದ ಮಾತು? ಹೋಗುತ್ತೀನಿ ಎಂದ ಮೇಲೆ ಹೋಗಲೇಬೇಕು. ಇಲ್ಲದಿದ್ದರೆ ನಾಳೆಯಿಂದ ಅವಳ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಆದರೆ ಹೋಗಲು ಅವಳಿಗೆ ಇಷ್ಟವಿರಲಿಲ್ಲ. ಅವನೆಂದರೆ ಅವಳಿಗೆ ಇವತ್ತಿಗೂ ಜೀವ. ಆಡಿದ ಮಾತು ಬಾಯಿಗೆ ಬಿದ್ದ ಬಿಸಿತುಪ್ಪವಾಗಿ ಕೂತಿತ್ತು.

ತುಂಬ ಹೊತ್ತಾದ ಮೇಲೆ ಅವನು ಬಂದ. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ನೀರು ಇಳಿಯುತ್ತಿತ್ತು.

"ಕಾಲರ್ ಮಡಿಚ್ಕಂಡದೆ" ಎಂದು ಅವಳು ಹತ್ತಿರ ಹೋದಳು. ಉಸಿರು ಎಳೆದಳು. ಗುಲಾಬಿ. ಇನ್ನೂ ಜೋರಾಗಿ ಎಳೆದಳು. ಲ್ಯಾವೆಂಡರ್, ಕಿತ್ತಳೆ, ಮಲ್ಲಿಗೆ, ಎಲ್ಲ ಕಲಸಿಕೊಂಡು ಒಂದೇ ಮುದ್ದೆಯಾಗಿತ್ತು. ಇಷ್ಟು ದಿನ ಮನೆ ಕಾಯ್ದ ಮೂಗು ಬೇಕಾದ ಹೊತ್ತಿಗೇ ಕೈಕೊಟ್ಟಿತು.

"ಏನೂ ಗೊತ್ತಾಗ್ತಿಲ್ಲವಲ್ಲಮ್ಮ" ಎಂದಳು ಲಹರಿಗೆ.

"ತುಂಬ ಮೂಸಿದ್ರೆ ಹಂಗೇ ಆಂಟಿ, ಮೂಗು ಜಡ ಆಗೋಗುತ್ತೆ. ಇದನ್ನ ಮೂಸಿ, ಸರಿಹೋಗುತ್ತೆ." ಲಹರಿ ಕಾಫಿಬೀಜದ ಬಟ್ಟಲನ್ನು ಮುಂದೆ ತಳ್ಳಿದಳು.

ಚಾಮುಂಡೇಶ್ವರಿ ಬಟ್ಟಲಿಗೆ ಮುಖವಿಟ್ಟು ಎಳೆದಳು. ತಿರುಗಿ ಗಂಡನ ಹತ್ತಿರ ಹೋದಳು. ಮತ್ತೆ ಬಟ್ಟಲು, ಮತ್ತೆ ಗಂಡ. ನಾಚಿಕೆಯೆಲ್ಲ ಯಾವಾಗಲೋ ಬಿಟ್ಟುಹೋಗಿತ್ತು.

"ಅಮ್ಮ, ಏನ್ಮಾಡ್ತಿದೀಯ?" ಎಂದಳು ವರ್ಷಿಣಿ. ಕೇಳುತ್ತಿದ್ದ ಹಾಗೇ ಅವಳಿಗೂ ಅರ್ಥವಾಗಿ ಕೈಲಿದ್ದ ಪಟ್ಟಿ ಕೆಳಗಿಳಿಸಿದಳು.

ಮಹದೇವು ಹೆಂಡತಿಯ ಮೊಣಕೈ ಹಿಡಿದು ಅಂಗಡಿಯ ಮೂಲೆಗೆ ಕರೆದುಕೊಂಡು ಹೋದ.

"ಹೋಗಿದ್ದೆ ಕಣೇ."

ಅವಳ ಕಣ್ಣು ಎದುರಿನ ಬಾರಿನ ಕಡೆ ಹೋಯಿತು.

"ಬಾಗ್ಲುಗಂಟ ಹೋಗಿದ್ದೆ. ಆ ನಿಂಬೆ ವಾಸನೆ ತಗುಲ್ತಿದ್ದಂಗೇ ನಾಲ್ಗೆ ಒಣಗೋಯ್ತು, ಕಾಲು ತಾನಾಗೇ ಎಳ್ಕಂಡು ಹೋಯ್ತು. ಬಾಗ್ಲಲ್ಲೇ ನಿಂತಿದ್ದೆ. ಒಳಕ್ಕೆ ಹೋಗ್ಲಿಲ್ಲ. ಪಕ್ಕದ ನಲ್ಲೀಲಿ ಮುಖ ತೊಳ್ಕಂಡು ಬಂದ್ಬುಟ್ಟೆ."

ಚಾಮುಂಡೇಶ್ವರಿ ಅವನ ಮುಖವನ್ನೇ ನೋಡಿದಳು. ಕುಡಿಯುತ್ತಿದ್ದ ದಿನಗಳಲ್ಲಿ ಅವನು ತಾಯಿಯಾಣೆ ಇಟ್ಟಿದ್ದ, ಮಗಳ ತಲೆ ಮುಟ್ಟಿದ್ದ, ಬೆಟ್ಟದ ಕಡೆ ತಿರುಗಿ ಕೈ ಮುಗಿದಿದ್ದ. ಹೋಗಿದ್ದೆ ಎಂದು ಒಂದು ದಿನವೂ ತಾನಾಗಿ ಬಾಯಿ ಬಿಟ್ಟಿರಲಿಲ್ಲ. ಇವತ್ತು ಆಣೆ ಇಲ್ಲ, ದೇವರಿಲ್ಲ. ಮಾತು ಮಾತ್ರ ಇತ್ತು. ನಿಜವೋ ಸುಳ್ಳೋ ಹೇಳಬೇಕಾದ ಮೂಗು ಸತ್ತುಬಿದ್ದಿತ್ತು.

ಅವಳು ಲಹರಿಯ ಕಡೆ ನಡೆದಳು. "ನಿಂಬೆ ಬ್ಯಾಡ. ಬೇರೆ ಯಾವ್ದು ಕೊಡ್ತೀಯವ್ವ ಇವ್ರಿಗೆ?"

"ಲಾವಂಚದ್ದಿದೆ ಆಂಟಿ. ಸ್ವಲ್ಪ ಜೋರು, ಸಂಜೆ ತನಕ ಹೋಗಲ್ಲ."

"ಅದೇ ಇರ್ಲಿ."

ಮಹದೇವು ಗಾಬರಿಯಿಂದ ಮುಂದೆ ಬಂದ. "ಬ್ಯಾಡ ಕಣೇ. ಸೋಪು ಹಾಕ್ಕಂಡು ಎರಡು ಸಲ ಸ್ನಾನ ಮಾಡ್ತೀನಿ, ಸಾಕು. ಇದನ್ನ ಹಾಕ್ಕಂಡು ಮನೆಗೆ ಬಂದ್ರೆ ಆಮೇಲೆ ನಿಂಗೆ ಏನೂ ಗೊತ್ತಾಗಲ್ಲ."

ಚಾಮುಂಡೇಶ್ವರಿಗೆ ಭಯ ಹೋಗಿರಲಿಲ್ಲ. ಆದರೂ ಡಬ್ಬಿಯ ಮುಚ್ಚಳ ತೆಗೆದು ಅವನ ಅಂಗಿಯ ಮೇಲೆ ತಾನೇ ಹೊಡೆದಳು.

"ನಂಗೆ ಗೊತ್ತಾಗ್ದಿದ್ರೆ ನೀವೇ ಹೇಳಿ" ಎಂದಳು. "ಇವತ್ತು ಹೇಳುದ್ರಲ್ಲ, ಅಂಗೇ."