ಹಾಡದೆ ಉಳಿದ ಸಾಲು

ಮ್ಯಾಲಕಿ ಡಿವೇನ್‌ಗೆ ನಡೆಯುತ್ತ ಮಾತಾಡಲು ಬರುವುದಿಲ್ಲ. ಹೇಳುವುದೇನಾದರೂ ಹೊಳೆದರೆ ರಸ್ತೆಯ ನಡುವೆಯೇ ನಿಂತುಬಿಡುತ್ತಾರೆ. ಬೆನ್ನ ಹಿಂದೆ ಟ್ರ್ಯಾಕ್ಟರ್ ಬಂದು ಕಾದರೂ ವಾಕ್ಯ ಮುಗಿಯುವ ತನಕ ಹೆಜ್ಜೆ ಎತ್ತುವುದಿಲ್ಲ. ಗಾಲ್ವೇಯಲ್ಲಿ ಮೂವತ್ತೊಂದು ವರ್ಷ ಐರಿಷ್ ಕಾವ್ಯ ಕಲಿಸಿದ ಈ ಉದ್ದನೆಯ, ತುಸು ಬಾಗಿದ ಮನುಷ್ಯ ಶುಕ್ರವಾರವಾದರೆ ಹಳೆಯ ಹಾಡು ಹುಡುಕಿಕೊಂಡು ಕಡಲಂಚಿನ ಬಾಬೀನಜ್ಜಿಯ ಅಡುಗೆಮನೆಗೆ ಬರುತ್ತಾರೆ. ಪುಸ್ತಕಗಳ ಭಾರಕ್ಕೆ ಅವರ ಕೋಟಿನ ಜೇಬುಗಳು ಮೊಣಕಾಲಿನ ತನಕ ಜೋತುಬಿದ್ದಿವೆ.

"ಏನ್ ಮೇಷ್ಟ್ರೇ, ಜೇಬಲ್ಲಿ ಕುರಿಮರಿ ತಂದಿದೀರಾ?" ಎಂದು ಪಕ್ಕದ ಮನೆಯ ಬೆಸ್ತ ಮಾರ್ಟೀನ್ ಪ್ರತಿವಾರವೂ ಕೇಳುತ್ತಾನೆ, ಅವರು ಪ್ರತಿವಾರವೂ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಒಂದು ಶುಕ್ರವಾರ ಜೇಬಿನಲ್ಲಿದ್ದದ್ದು ಅವರ ಜೀವಮಾನದ ಪುಸ್ತಕದ ಕೊನೆಯ ಕರಡು, ಸೋಮವಾರ ಅಚ್ಚಿಗೆ ಹೋಗಬೇಕಾದದ್ದು. ಇನ್ನೂರೈವತ್ತು ವರ್ಷ ಹಿಂದಿನ ಟೈಗ್ ರುವಾ ಎಂಬ ಕುರುಡು ಕವಿ ಕಡಲಲ್ಲಿ ಮುಳುಗಿ, ಹುಡುಕಿದರೂ ಸಿಗದ ತಮ್ಮನಿಗಾಗಿ ಕಟ್ಟಿದ ಶೋಕಗೀತೆಯೇ ಅದರ ವಸ್ತು. ಹಸ್ತಪ್ರತಿಯಲ್ಲಿ ಪ್ರತಿ ಪದ್ಯಕ್ಕೂ ನಾಲ್ಕು ಸಾಲು, ಕಡೆಯದಕ್ಕೆ ಮಾತ್ರ ಮೂರು. ದುಃಖಕ್ಕೆ ಕವಿಯ ಗಂಟಲು ಕಟ್ಟಿತು, ಆ ಮೌನವೇ ನಾಲ್ಕನೆಯ ಸಾಲು ಎಂದು ಡಿವೇನ್ ಐದನೆಯ ಅಧ್ಯಾಯದಲ್ಲಿ ವಾದಿಸಿದ್ದರು. ಅವರಿಗೆ ಹೆಸರು ತಂದದ್ದೇ ಆ ವಾದ.

ಅವರು ಮೊದಲ ಪದ್ಯ ಓದುತ್ತಿದ್ದಂತೆ ಆಲೂಗಡ್ಡೆ ಸುಲಿಯುತ್ತಿದ್ದ ಅಜ್ಜಿ ಚಾಕು ಕೆಳಗಿಟ್ಟಳು. ಕಣ್ಣು ಮುಚ್ಚಿ ಅದೇ ಹಾಡನ್ನು ಹಾಡತೊಡಗಿದಳು. ಮಾರ್ಟೀನ್ ಚಹಾ ಬದಿಗಿಟ್ಟು ಅವಳ ಕೈ ಹಿಡಿದು, ಅಲ್ಲಿ ಹಾಡುವವರಿಗೆ ಮಾಡುವಂತೆ, ರಾಗದ ಜೊತೆ ಮೆಲ್ಲಗೆ ತಿರುಗಿಸಿದ. ಕೊನೆಯ ಪದ್ಯದ ಮೂರು ಸಾಲು ಹಾಡಿದ ಅಜ್ಜಿ ನಾಲ್ಕನೆಯದನ್ನು ಹಾಡಲಿಲ್ಲ. ಕಣ್ಣು ತೆರೆದು, ಪಕ್ಕದವರಿಗೆ ಹೇಳುವ ಹಾಗೆ ಬರಿದೆ ಹೇಳಿದಳು: "ಸಾಕು, ದೋಣಿ ಮೇಲಕ್ಕೆಳೀರಿ."

ಅಲ್ಲಿ ಹಾಡು ಮುಗಿಸುವ ಕ್ರಮವೇ ಅದು. ಕಡೆಯ ಸಾಲಿಗೆ ರಾಗವಿಲ್ಲ, ಮಾತಿನಂತೆ ಹೇಳಿಬಿಡುತ್ತಾರೆ. ಅಂದು ಕುರುಡು ಕವಿಯ ಹಾಡು ಕೇಳಿ ಹಸ್ತಪ್ರತಿ ಬರೆದುಕೊಂಡವನು ಅದನ್ನು ಹಾಡಿನ ಆಚೆಯ ಮಾತೆಂದುಕೊಂಡು ಲೇಖನಿ ಕೆಳಗಿಟ್ಟಿದ್ದ.

ಡಿವೇನ್ ಬಿಳುಚಿಕೊಂಡರು. "ಇಪ್ಪತ್ತು ವರ್ಷದಿಂದ ಬರ್ತಿದೀನಲ್ಲ ಅಜ್ಜಿ, ಒಂದಿನಾನೂ ಹಾಡ್ಲಿಲ್ವಲ್ಲ!"

"ನೀವು ಕಳೆದುಹೋದ ಹಾಡು ಇದ್ರೆ ಹೇಳಿ ಅಂತಿದ್ರಿ. ಇದು ಕಳೆದುಹೋಗಿದೆ ಅಂತ ನಂಗೇನು ಗೊತ್ತು?"

ಅಷ್ಟು ಹೇಳಿದ ಮೇಲೆ ಅವಳಿಗೆ ಅವರ ಮುಖ ನೋಡಿ ಕಸಿವಿಸಿಯಾಯಿತು. "ಪುಸ್ತಕ ಹಾಳಾಯ್ತಾ?"

"ಐದನೇ ಅಧ್ಯಾಯ ಪೂರ್ತಿ."

"ನಾನು ಹಾಡೇ ಇಲ್ಲ ಅಂದ್ಕೊಳ್ಳಿ ಮೇಷ್ಟ್ರೇ. ಮಾರ್ಟೀನ್ ಬಾಯಿ ಬಿಡಲ್ಲ."

"ಬಿಡಲ್ಲ," ಎಂದ ಮಾರ್ಟೀನ್. "ಕುಡಿದಾಗಿನ ಮಾತು ಬೇರೆ."

ಡಿವೇನ್ ಕರಡು ಬಿಚ್ಚಿ, ಆ ಅಧ್ಯಾಯದ ಇಪ್ಪತ್ತಾರು ಪುಟಗಳ ಮೇಲೆ ಒಂದೊಂದಾಗಿ ಅಡ್ಡಗೆರೆ ಎಳೆದರು. ಹದಿನೈದನೆಯದಕ್ಕೆ ಬರುವಾಗ ಅವರು ನಗುತ್ತಿರುವುದನ್ನು ಅಜ್ಜಿ ಕಂಡಳು.

"ಎಷ್ಟು ಚೆನ್ನಾಗಿದೆ ಅಜ್ಜಿ, ನಾನು ಬರೆದಿದ್ದಕ್ಕಿಂತ! ಇನ್ನೊಂದ್ಸಲ ಹೇಳಿ."

ತಮ್ಮ ಮಾತೇ ಗೆಲ್ಲಬೇಕೆಂದು ಓದುವ ವಿದ್ವಾಂಸರು ಎಲ್ಲ ಊರಲ್ಲೂ ಇದ್ದಾರೆ. ಅವರೆದುರು ಜನ ತಲೆಯಾಡಿಸಿ ಸುಮ್ಮನಾಗುತ್ತಾರೆ. ಹಾಡು ಪೂರ್ತಿಯಾಗುವುದಾದರೆ ತಾವು ತಪ್ಪಾದರೂ ಸರಿ ಎನ್ನುವವರು ಅಪರೂಪ. ಅಂಥವರು ಬಂದು ಕೂತರೆ ಜನ ಮರೆತದ್ದನ್ನೂ ನೆನಪಿಸಿಕೊಂಡು ಹೇಳುತ್ತಾರೆ.