ಕೋಟೆ ಬಯಲಿನ ಬಾಲಂಗೋಚಿ

ಮೇ ತಿಂಗಳ ನಡುಭಾಗ, ಶನಿವಾರ. ಇನ್ನು ಹಿಮ ಬೀಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಪದ್ಮಮ್ಮ ಪರದೇಶದ ಬೋಲಿಂಗ್‌ಬ್ರೂಕಿನಲ್ಲಿ ಮಗಳ ಮನೆಯ ಹಿತ್ತಲಲ್ಲಿ ಮೆಣಸಿನ ಸಸಿ ನೆಡುತ್ತಿದ್ದರು. ಸೋಮವಾರ ದೊಡ್ಡಬಳ್ಳಾಪುರಕ್ಕೆ ವಾಪಸು. ಹೊರಡುವ ಮುಂಚೆ ಪಕ್ಕದ ಮನೆಯ ನಿಡಿಯಾಳ ಋಣ ತೀರಿಸಬೇಕೆಂಬುದೊಂದೇ ಅವರನ್ನು ಕೊರೆಯುತ್ತಿತ್ತು. ಅಳಿಯ ಸೊಂಟ ಹಿಡಿದು ಮಲಗಿದ್ದ ಚಳಿಗಾಲವೆಲ್ಲ ಇವರ ಮನೆ ಮುಂದಿನ ಕಾರಿನ ಹಾದಿಯ ಹಿಮವನ್ನೂ ಎತ್ತಿಹಾಕಿದವಳು ಅವಳು. ಡಬ್ಬಿ ತುಂಬ ಚಕ್ಕುಲಿ ಕಳಿಸಿದರೆ, ಅದೇ ಡಬ್ಬಿಯಲ್ಲಿ ಮಾಂಸ ಹಾಕದ ತೊಗರಿಕಾಳಿನ ಅನ್ನ ತುಂಬಿ ಕಳಿಸಿದ್ದಳು. ಋಣ ಇದ್ದಲ್ಲೇ ಇತ್ತು.

ಬೇಲಿಯಾಚೆ ನಿಡಿಯಾಳ ಗಾಳಿಪಟ ಮೂರನೆಯ ಸಲ ನೆಲಕಚ್ಚಿತು.

ಮೊಮ್ಮಗಳು ಸಿಯಾ ನಡುವೆ ನಿಂತು ಮಾತು ದಾಟಿಸಿದಳು. ನಿಡಿಯಾಳ ಅಪ್ಪ ಎಫ್ರಾಯಿನ್‌ಗೆ ನಾಳೆ ತೊಂಬತ್ತು ತುಂಬುತ್ತದಂತೆ. ಹುಟ್ಟೂರು ಪೋರ್ಟೊ ರಿಕೊ ದ್ವೀಪದ ಸ್ಯಾನ್ ಹುವಾನ್. ಅಲ್ಲಿ ಕಡಲಿಗೆ ಮೂತಿ ಚಾಚಿ ನಿಂತ ಎಲ್ ಮೊರೊ ಕೋಟೆ, ಸ್ಪೇನಿನವರು ನೂರಾರು ವರ್ಷದ ಹಿಂದೆ ಕಟ್ಟಿದ್ದು. ಫಿರಂಗಿಗೆ ಅಡ್ಡ ಬಾರದಿರಲೆಂದು ಮರ ಬೆಳೆಸದೆ ಬಿಟ್ಟ ಬಯಲಲ್ಲಿ ಈಗ ಊರಿಗೆ ಊರೇ ಗಾಳಿಪಟ ಹಾರಿಸುತ್ತದೆ. ಅಪ್ಪ ಇನ್ನು ವಿಮಾನ ಹತ್ತಲಾರರು. ಬಡಾವಣೆಯ ಕೊಳದ ದಿಬ್ಬದ ಮೇಲೆ ಒಂದನ್ನಾದರೂ ಹಾರಿಸಿ ತೋರಿಸಬೇಕೆಂದು ಅವಳ ಆಸೆ.

ಪದ್ಮಮ್ಮ ಬೇಲಿಯ ಮೇಲಿಂದ ಪಟ ಇಸಿದುಕೊಂಡು ತಿರುಗಿಸಿ ನೋಡಿದರು.

"ಸೂತ್ರಾನೇ ಸರಿಯಿಲ್ವಲ್ಲೇ. ಬಾಲಂಗೋಚೀನೂ ಇಲ್ಲ, ಇನ್ನೆಲ್ಲಿ ನಿಲ್ತದೆ?"

ಚಿಕ್ಕಂದಿನಲ್ಲಿ ಆಷಾಢ ಬಂದರೆ ಮೂವರು ಅಣ್ಣಂದಿರ ಪಟಕ್ಕೂ ಸೂತ್ರ ಕಟ್ಟುತ್ತಿದ್ದುದು ಅವರೇ. ದಾರ ಮಾತ್ರ ಒಮ್ಮೆಯೂ ಅವರ ಕೈಗೆ ಬಂದದ್ದಿಲ್ಲ. ಹಾರಿಸುವುದು ಗಂಡುಹುಡುಗರ ಕೆಲಸ. ಈಗ ಗಂಟು ಬಿಚ್ಚಿ, ಗೇಣು ಹಾಕಿ ಅಳೆದು, ಮತ್ತೆ ಬಿಗಿದರು. ಒಳಗೆ ಹೋಗಿ ಹಳೆಯ ಹತ್ತಿಸೀರೆಯ ಹಸಿರು ಅಂಚನ್ನು ಪರ್ರನೆ ಹರಿದು ತಂದು ಬಾಲ ಕಟ್ಟಿದರು. ಇಲ್ಲಿಗೆ ಹಿಮದ ಋಣ ಹರಿಯಿತೆಂದು ಎದೆ ಹಗುರಾಯಿತು.

ಭಾನುವಾರ ಮಧ್ಯಾಹ್ನ ಒಬ್ಬಟ್ಟಿನ ಡಬ್ಬಿ ಹಿಡಿದು ದಿಬ್ಬಕ್ಕೆ ಹೋದರು. ನಿಡಿಯಾ ಎರಡು ಹೆಜ್ಜೆ ಓಡಿದ್ದೇ ಪಟ ಏರಿಬಿಟ್ಟಿತು. ಅವಳು ದಾರದ ಉಂಡೆಯನ್ನು ಕುರ್ಚಿಯಲ್ಲಿ ಕೂತಿದ್ದ ಅಪ್ಪನಿಗೆ ಕೊಟ್ಟಳು. ಎಫ್ರಾಯಿನ್ ದಾರವನ್ನು ಎರಡು ಸಲ ಎಳೆದು ಬಿಟ್ಟರು. ಆಮೇಲೆ ಬಾಲದ ಕಡೆ ಗಲ್ಲ ಎತ್ತಿ ಏನೋ ಅಂದರು. ಸ್ಪ್ಯಾನಿಷಿನಲ್ಲಿ ಹೊರಟದ್ದು ನಿಡಿಯಾಳ ಇಂಗ್ಲಿಷ್ ಹಾದು ಸಿಯಾಳ ಬಾಯಿಗೆ ಬಂತು.

"ಅಜ್ಜಿ, ಅವ್ರ ಮಾಮ್ ಕೂಡ ಓಲ್ಡ್ ಸ್ಕರ್ಟ್ ಹರ್ದು ಟೇಲ್ ಕಟ್ತಿದ್ರಂತೆ. ಬಟ್ ನಿಮ್ದು ಟೂ ಲಾಂಗ್ ಅಂತೆ."

"ಅವರಮ್ಮಂದು ಲಂಗ, ನಂದು ಆರು ಗಜದ ಸೀರೆ ಅನ್ನು."

ಮಾತು ಅತ್ತ ದಾಟಿದ್ದೇ ಎಫ್ರಾಯಿನ್ ಕೆಮ್ಮು ಬರುವಷ್ಟು ನಕ್ಕರು. ನಗು ನಿಂತ ಮೇಲೆ ದಾರದ ಉಂಡೆಯನ್ನು ಪದ್ಮಮ್ಮನ ಕಡೆ ಚಾಚಿದರು.

"ನಂಗೆ ಹಾರ್ಸಕ್ ಬರಲ್ಲ ಅಂತ ಹೇಳೇ," ಎಂದು ಪದ್ಮಮ್ಮ ಹಿಂದೆ ಸರಿದರು. ಸಿಯಾ ಆ ಒಂದು ಮಾತನ್ನು ಮಾತ್ರ ದಾಟಿಸಲಿಲ್ಲ.

ಉಂಡೆ ಪದ್ಮಮ್ಮನ ಕೈಗೇ ಬಂತು. ದಾರ ಜಗ್ಗಿತು, ಹಗ್ಗ ಕಟ್ಟಿದ ಕರುವಿನ ಹಾಗೆ. ಕೆಳಗೆ ನಿಡಿಯಾ ಖಾಲಿಯಾದ ಒಬ್ಬಟ್ಟಿನ ಡಬ್ಬಿಗೆ ಕೇಕ್ ತುಂಬುತ್ತ ಕರೆದಳು, ಮತ್ತೊಮ್ಮೆ ಕರೆದಳು. ಪದ್ಮಮ್ಮ ತಿರುಗಲಿಲ್ಲ. ಮನೆಗಳ ಸೂರುಗಳಾಚೆ ಹಸಿರು ಅಂಚು ಬಳುಕುತ್ತಿತ್ತು. ಇನ್ನೊಂದು ಮಾರು ದಾರ ಬಿಟ್ಟರು.