ಮೂವತ್ತಮೂರನೆಯ ಸಿ

ಏಳನೆಯ ಹೆಸರಿನ ಮುಂದೆ "ಡಿ" ಎಂದು ಒತ್ತಿ ಬರೆಯುವಾಗ ಮರ್ಲ್ ಸ್ಟಕಿಯ ಪೆನ್ಸಿಲಿನ ಮೊನೆ ಮುರಿಯಿತು. ಆ ಬೆಳಿಗ್ಗೆ ಮುರಿದ ಮೂರನೆಯ ಮೊನೆ ಅದು. ಜೇಬಿನ ಚಾಕುವಿನಿಂದ ಪೆನ್ಸಿಲು ಹೆರೆಯುತ್ತಾ ತಾನು ಬರೆದದ್ದನ್ನೇ ಇನ್ನೊಂದು ಸಲ ಓದಿಕೊಂಡ. "ಓಡಿದ್ದು ಬಹಳ. ತಲುಪಿದ್ದು ಎಲ್ಲಿಗೂ ಇಲ್ಲ. ಡಿ." ಅದರ ಮೇಲಿನ ಸಾಲು: "ಏಳು ಪಾಸ್ ಕೊಟ್ಟ. ನಾಲ್ಕು ನಮ್ಮವರಿಗೆ, ಮೂರು ಅವರಿಗೆ. ಧಾರಾಳಿ. ಡಿ." ಅದಕ್ಕೂ ಮೇಲೆ: "ಎಫ್. ಯಾಕೆಂದು ಅವನಿಗೇ ಗೊತ್ತು."

ಹಿಂದಿನ ಸಂಜೆ ಕಾರ್ಬೆಟ್ ಹೈಸ್ಕೂಲಿನ ಹುಡುಗರು ತಮ್ಮ ಊರಿನಲ್ಲೇ, ತಮ್ಮ ಅಪ್ಪ ಅಮ್ಮಂದಿರ ಕಣ್ಣೆದುರಿಗೇ, ಬಾಸ್ಕೆಟ್‌ಬಾಲಿನಲ್ಲಿ ವೆಸ್ಟ್ ಫೇರ್ಲಿಯವರಿಗೆ ಎಂಬತ್ತನಾಲ್ಕು–ಮೂವತ್ತೇಳರಲ್ಲಿ ಸೋತಿದ್ದರು. ಅರ್ಧ ಆಟ ಮುಗಿಯುವಷ್ಟರಲ್ಲಿ ಆ ಕಡೆಯ ಕೋಚ್‌ಗೆ ನಾಚಿಕೆಯಾಗಿ, ಬೆಂಚಿನ ಮೇಲಿದ್ದ ಚಿಳ್ಳೆಪಿಳ್ಳೆಗಳನ್ನೆಲ್ಲ ಇಳಿಸಿದ. ಅವೂ ಹೊಡೆದವು.

ಮರ್ಲ್ ಹತ್ತೊಂಬತ್ತು ವರ್ಷದಿಂದ ಊರಿನ ವಾರಪತ್ರಿಕೆಗೆ ಆಟಗಾರರ ಅಂಕಪಟ್ಟಿ ಬರೆಯುತ್ತಿದ್ದ. ಶುಕ್ರವಾರ ಆಟ, ಶನಿವಾರ ಮಧ್ಯಾಹ್ನದೊಳಗೆ ಬರಹ, ಬುಧವಾರ ಪತ್ರಿಕೆ. ಉಳಿದ ಹೊತ್ತಿನಲ್ಲಿ ಅವನು ಧಾನ್ಯದ ಗೋದಾಮಿನ ತೂಕದ ಮನೆಯಲ್ಲಿ ಕೂತು ರೈತರು ತಂದ ಮೆಕ್ಕೆಜೋಳಕ್ಕೆ ದರ್ಜೆ ಕೊಡುವವ. ಎರಡೂ ಕೆಲಸದಲ್ಲಿ ಅವನ ಬಾಯಿ ಒಂದೇ. ಒದ್ದೆಯಾದರೆ ಒದ್ದೆ, ಹುಳುಕಾದರೆ ಹುಳುಕು. ಪಾದ್ರಿಯ ಮಗನಿಗೆ ಎಫ್ ಕೊಟ್ಟು ಆರು ವಾರ ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಸರಿದಿದ್ದ. ಸ್ವಂತ ತಂಗಿಯ ಮಗನಿಗೆ ಡಿ ಕೊಟ್ಟು ಒಂದು ಕ್ರಿಸ್ಮಸ್ ಊಟ ಕಳೆದುಕೊಂಡಿದ್ದ. ಊರಿನವರು ಬೈದುಕೊಂಡೇ ಓದುತ್ತಿದ್ದರು. ಮರ್ಲ್ ಮುಂಗೋಪಿ, ಆದರೆ ಸುಳ್ಳುಗಾರನಲ್ಲ ಎನ್ನುತ್ತಿದ್ದರು.

ಈಗ ಒಂದೇ ಹೆಸರು ಉಳಿದಿತ್ತು. ಟ್ರೆಂಟ್ ಹಿಲ್ಟಿ.

ಮರ್ಲ್ ತೂಕದ ಮನೆಯ ಕಿಟಕಿಯ ಹೊರಗೆ ನೋಡಿದ. ಜನವರಿಯ ಗಾಳಿ ಅಂಗಳದ ಒಣಹಿಮವನ್ನು ಹೊಟ್ಟಿನ ಹಾಗೆ ಎಬ್ಬಿಸುತ್ತಿತ್ತು. ಆರಡಿ ಎಂಟಂಗುಲದ ಹುಡುಗ, ಟ್ರೆಂಟ್. ಬುಟ್ಟಿಯ ಕೆಳಗೆ ನಿಂತು ಕೈ ಎತ್ತಿದರೆ ಸಾಕು ಎಂದು ಊರೆಲ್ಲ ಅಂದುಕೊಂಡಿತ್ತು. ಅವನು ನಿಲ್ಲುತ್ತಿದ್ದ, ಕೈಯನ್ನೂ ಎತ್ತುತ್ತಿದ್ದ. ಆದರೆ ಚೆಂಡು ಬಂದರೆ ಮಾತ್ರ, ಬೇರೆಯವರ ಹಸುಗೂಸನ್ನು ಯಾರೋ ಕೈಗೆ ಕೊಟ್ಟ ಹಾಗೆ ಒಂದು ಗಳಿಗೆ ಹಿಡಿದುಕೊಂಡು, ಹತ್ತಿರ ಇದ್ದವರಿಗೆ ಜೋಪಾನವಾಗಿ ವಾಪಸು ಕೊಟ್ಟುಬಿಡುತ್ತಿದ್ದ. ನಿನ್ನೆ ಇಡೀ ಆಟದಲ್ಲಿ ಅವನದು ಸೊನ್ನೆ. ಅವನಿಗಿಂತ ಒಂದು ಗೇಣು ಕುಳ್ಳಾದ ಹುಡುಗ ಅವನ ತಲೆಯ ಮೇಲಿಂದಲೇ ಒಂಬತ್ತು ಸಲ ಚೆಂಡು ಕಿತ್ತುಕೊಂಡಿದ್ದ.

ಆದರೂ ಎರಡು ವರ್ಷದಿಂದ ಮರ್ಲ್ ಅವನಿಗೆ ಸಿ ಕೊಡುತ್ತಾ ಬಂದಿದ್ದ. ಹುಡುಗನ ಅಜ್ಜ ಡೆಲ್ಬರ್ಟ್ ಹಿಲ್ಟಿ. ಶಾಲೆಯವರು ಆಡುವ ಜಿಮ್‌ನ ಗೋಡೆಯ ಮೇಲೆ ತೂಗುವ ಒಂದೇ ಒಂದು ಪತಾಕೆ, ಅರವತ್ತೇಳನೆಯ ಇಸವಿಯದು, ಡೆಲ್ಬರ್ಟ್ ಆಡಿ ಗೆದ್ದು ತಂದದ್ದು. ಅಷ್ಟೇ ಆಗಿದ್ದರೆ ಮರ್ಲ್ ಲೆಕ್ಕಿಸುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಮರ್ಲ್ ಸಿಟ್ಟಿನಲ್ಲಿ ರೆಫರಿಯ ಕಡೆಗೆ ಕುರ್ಚಿ ಎಸೆದಾಗ, ಇನ್ನು ಈ ಮನುಷ್ಯ ಜಿಮ್‌ನೊಳಗೆ ಕಾಲಿಡಬಾರದು ಎಂದು ಶಾಲೆಯವರು ತೀರ್ಮಾನಿಸಿದ್ದರು. ಡೆಲ್ಬರ್ಟ್ ಹೋಗಿ ಸಮಿತಿಯ ಮುಂದೆ ಕ್ಯಾಪ್ ತೆಗೆದು ನಿಂತು, "ಇವನ ಜವಾಬ್ದಾರಿ ನಂದು" ಎಂದಿದ್ದ. ಅಂಥವನ ಮೊಮ್ಮಗ. ಎಫ್ ಬರೆಯಲು ಕೈ ಹೇಗೆ ಬಂದೀತು?

ಮರ್ಲ್ ಬರೆದ: "ಟ್ರೆಂಟ್ ಹಿಲ್ಟಿ. ಇನ್ನೂ ಕಲಿಯುತ್ತಿದ್ದಾನೆ. ಸಿ."

ಅಷ್ಟರಲ್ಲಿ ತೂಕದ ಕಟ್ಟೆಯ ಮೇಲೆ ಒಂದು ಲಾರಿ ಹತ್ತಿ ನಿಂತಿತು. ಡೆಲ್ಬರ್ಟನ ಹಳೇ ಕೆಂಪು ಲಾರಿ. ಒಳಗಿನಿಂದ ಇಳಿದವನು ಮಾತ್ರ ಡೆಲ್ಬರ್ಟ್ ಅಲ್ಲ.

ಮರ್ಲ್ ಹೊರಗೆ ಹೋಗಿ, ಉದ್ದನೆಯ ಟೊಳ್ಳು ಸಲಾಕೆಯನ್ನು ಲಾರಿಯ ರಾಶಿಯೊಳಕ್ಕೆ ಮೂರು ಕಡೆ ಚುಚ್ಚಿ ಕಾಳು ತೆಗೆದ. ಹುಡುಗ ಅವನ ಹಿಂದೆಯೇ ಒಳಗೆ ಬಂದು, ಬಾಗಿಲಿನ ಮೇಲಿನ ಪಟ್ಟಿಗೆ ಹಣೆ ಬಡಿಸಿಕೊಂಡ.

"ಬಗ್ಗಬೇಕು ಕಣೋ."

"ಬಗ್ಗಿದ್ದೆ ಸಾರ್. ಸಾಕಾಗ್ಲಿಲ್ಲ."

ಮರ್ಲ್ ಒಂದು ಹಿಡಿ ಕಾಳು ಮೂಸಿ ನೋಡಿ, ತೇವ ಅಳೆಯುವ ಯಂತ್ರಕ್ಕೆ ಸುರಿದ. ಮುಳ್ಳು ಹದಿನೇಳರ ಹತ್ತಿರ ನಿಂತಿತು. ಇರಬೇಕಾದದ್ದು ಹದಿನೈದು. ಚೀಟಿಯ ಮೇಲೆ "ತೇವ ಹೆಚ್ಚು" ಎಂದು ಗೀಚಿದ.

"ಅಜ್ಜನ ಜೋಳಕ್ಕೂ ಹೀಗೇ ಬರೀತೀರಾ ಸಾರ್?"

"ಯಾರ ಜೋಳ ಆದ್ರೇನು? ಯಂತ್ರಕ್ಕೆ ನಿಮ್ಮಜ್ಜನ ಪರಿಚಯ ಇಲ್ಲ."

"ನಿಮಗಿದೆ," ಎಂದ ಹುಡುಗ.

ಮರ್ಲ್ ತಲೆಯೆತ್ತಿದ. "ಏನಂದೆ?"

ಟ್ರೆಂಟ್‌ನ ಕಿವಿ ಕೆಂಪಾಯಿತು. ಆದರೂ ಹೋಗಲಿಲ್ಲ. ಮೇಜಿನ ಮೇಲಿನ ಹಾಳೆಯ ಕಡೆ ಬೆರಳು ತೋರಿಸಿದ. "ಅದು ನಿನ್ನೆ ಆಟದ್ದಾ? ನಂಗೆ ಸಿ ತಾನೆ? 'ಇನ್ನೂ ಕಲಿಯುತ್ತಿದ್ದಾನೆ.' ಹೋದ ವರ್ಷ ಇಪ್ಪತ್ತೆರಡು ಆಟ, ಈ ವರ್ಷ ಹತ್ತು. ಮೂವತ್ತೆರಡು ಸಲ ಸಿ ಸಾರ್. ಇದು ಮೂವತ್ತಮೂರನೇದು. ಹಸುಗೆ ಹೇಳ್ಕೊಟ್ಟಿದ್ರೂ ಇಷ್ಟೊತ್ತಿಗೆ ಕಲಿತಿರೋದು."

"ಮರ್ಯಾದೆಯಾಗಿ ಸಿ ಬಂದ್ರೆ ತಗೊಂಡು ಹೋಗಯ್ಯ! ಪಾಪ ಅಂತ ಕೊಟ್ರೆ ನನ್ನ ಹತ್ರಾನೇ ವಾದಕ್ಕೆ ಬರ್ತೀಯ?" ಮರ್ಲ್ ಕೂಗಿದ. ಕೂಗಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಕೇಳಿಸಿತು.

"ಅದೇ ಸಾರ್," ಎಂದ ಹುಡುಗ ಮೆಲ್ಲಗೆ. "ಪಾಪ ಅಂತ ಕೊಟ್ರಿ. ಅಜ್ಜಂಗೆ ಅದು ಗೊತ್ತಿಲ್ಲ. ಪ್ರತಿ ಬುಧವಾರ ಪೇಪರ್ ಮಡಚಿ ನನ್ನ ತಟ್ಟೆ ಪಕ್ಕ ಇಡ್ತಾರೆ. 'ಮರ್ಲ್ ಸುಳ್ಳು ಹೇಳೋನಲ್ಲ. ಅವನು ಕಲೀತಿದೀಯ ಅಂದ್ರೆ ಕಲೀತಿದೀಯ. ಬಿಡಬೇಡ' ಅಂತಾರೆ. ನಾನು ಹೆಂಗ್ ಬಿಡ್ಲಿ? ಬಾಯಿಬಿಟ್ಟು ಹೇಳೋಕೆ ಎಷ್ಟೋ ಸಲ ಹೋಗಿದೀನಿ. ಆ ಪತಾಕೆ ಕೆಳಗೆ ಅವರು ಕೂತಿರೋದು ನೋಡಿದ್ರೆ ಆಗಲ್ಲ."

ಯಂತ್ರ ಇನ್ನೂ ಗುಂಯ್ ಎನ್ನುತ್ತಿತ್ತು. ಮರ್ಲ್ ಅದನ್ನು ಆರಿಸಿದ.

"ಬಿಟ್ಟು ಏನ್ ಮಾಡ್ತೀಯ? ಬೇರೆ ಏನಾದ್ರೂ ಹುಚ್ಚು ಇದೆಯಾ? ಗಿಟಾರು, ಪಿಟೀಲು?"

"ಏನೂ ಇಲ್ಲ ಸಾರ್. ಇರ್ಲೇಬೇಕಾ?" ಟ್ರೆಂಟ್ ಕ್ಯಾಪನ್ನು ಕೈಯಲ್ಲಿ ತಿರುಗಿಸಿದ. "ನಂಗೆ ಈ ಆಟ ಅಂದ್ರೆ ಇಷ್ಟ. ನೋಡೋಕೆ. ಎರಡು ವರ್ಷದಿಂದ ಒಂದು ಆಟಾನೂ ನೆಟ್ಟಗೆ ನೋಡಿಲ್ಲ, ಒಳಗೇ ಇರ್ತೀನಲ್ಲ. ಮೇಲೆ ಕೂತ್ಕೊಂಡು ಪಾಪ್‌ಕಾರ್ನ್ ತಿನ್ನಬೇಕು. ಅಷ್ಟೇ."

ಮರ್ಲ್‌ಗೆ ನಗು ಬಂತು. ಅದು ಅವನ ಸಿಟ್ಟಿಗೆ ಒಪ್ಪಲಿಲ್ಲವಾದ್ದರಿಂದ ಕೆಮ್ಮಿದ.

"ಎಫ್ ಕೊಡಿ ಸಾರ್. ಬಂದಿರೋದು ಅದೇ ತಾನೆ?"

"ತೂಕದ ಚೀಟಿ ತಗೊಂಡು ನಡಿ. ಹಿಂದೆ ಇನ್ನೊಂದು ಗಾಡಿ ನಿಂತಿದೆ."

ಹುಡುಗ ಹೋದ, ಹೋಗುವಾಗ ಬಗ್ಗಿಯೇ ಹೋದ. ಮರ್ಲ್ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡ. ಡೆಲ್ಬರ್ಟನಿಗೆ ಮೊದಲೇ ಒಂದು ಮಾತು ಹೇಳಿಬಿಡೋಣ ಎಂದು ಮೂರು ಸಲ ಫೋನಿಗೆ ಕೈ ಹಾಕಿ, ಮೂರು ಸಲ ಇಟ್ಟ. ಜೋಳ ಒದ್ದೆ ಎಂದು ಬರೆಯುವ ಮುಂಚೆ ಯಾರಿಗಾದರೂ ಫೋನು ಮಾಡಿ ಅಪ್ಪಣೆ ಕೇಳಿದ್ದಿದೆಯೇ? ಕೊನೆಗೆ ಆ ಒಂದು ಸಾಲು ಅಳಿಸಿ, ಮೊನೆ ಮುರಿಯದಂತೆ ಹಗುರಾಗಿ ಬರೆದ. ಮಧ್ಯಾಹ್ನ ಪತ್ರಿಕೆಯ ಕಚೇರಿಗೆ ತಾನೇ ನಡೆದುಹೋಗಿ ಕೊಟ್ಟು ಬಂದ.

ಭಾನುವಾರ, ಸೋಮವಾರ, ಮಂಗಳವಾರ ಅವನಿಗೆ ಊಟ ರುಚಿಸಲಿಲ್ಲ. ಡೆಲ್ಬರ್ಟ್ ಇನ್ನು ತನ್ನ ಮುಖ ನೋಡಲಾರ ಎಂಬುದು ಖಾತ್ರಿಯಾಗಿತ್ತು. ಎಪ್ಪತ್ತಾರರ ಮುದುಕ, ರಾಜಿಯಾಗುವಷ್ಟು ವರ್ಷಗಳು ಉಳಿದಿವೆಯೋ ಇಲ್ಲವೋ.

ಬುಧವಾರ ಬೆಳಿಗ್ಗೆ ನೆಡ್ರಾಳ ಹೋಟೆಲಿಗೆ ಎಂದಿನಂತೆ ಹೋದ. ಹೋಗದಿದ್ದರೆ ಹೇಡಿ ಎನಿಸಿಕೊಳ್ಳಬೇಕಾಗುತ್ತದೆ. ಮೂಲೆಯ ದುಂಡು ಮೇಜಿನವರೆಲ್ಲ ಪತ್ರಿಕೆಯ ಒಂದೇ ಪುಟ ತೆರೆದು ಕೂತಿದ್ದರು. ಅವನು ಒಳಗೆ ಬಂದದ್ದೇ ಎಲ್ಲರೂ ಪುಟದಿಂದ ತಲೆಯೆತ್ತಿದರು.

ನೆಡ್ರಾ ಕಾಫಿ ಸುರಿಯುತ್ತಾ, "ಸಾಯೋ ಮುಂಚೆ ಏನಾದ್ರೂ ತಿಂತೀಯಾ ಮರ್ಲ್?" ಎಂದಳು.

"ಕಾಫಿ ಸಾಕು."

"ಮೆತ್ತಗಿನ ಬಿಸ್ಕೆಟ್ಟು, ಮೇಲೆ ಸುರಿಯೋಕೆ ಬಿಸಿ ಗ್ರೇವಿ ಮಾಡಿದೀನಿ. ಕೊನೇ ಊಟಕ್ಕೆ ಚೆನ್ನಾಗಿರುತ್ತೆ."

"ಕಾಫಿ ಸಾಕು ಅಂದ್ನಲ್ಲ!"

ಬಾಗಿಲಿನ ಗಂಟೆ ಸದ್ದಾಯಿತು. ಡೆಲ್ಬರ್ಟ್ ಹಿಲ್ಟಿ ಬೂಟಿನ ಹಿಮ ಒದರಿ, ಯಾರನ್ನೂ ನೋಡದೆ ನೇರ ಬಂದು ಮರ್ಲ್‌ನ ಎದುರಿಗೆ ಕೂತ. ಕ್ಯಾಪು ತೆಗೆಯಲಿಲ್ಲ. ಕೋಟಿನ ಜೇಬಿನಿಂದ ಪತ್ರಿಕೆಯ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದ. ಅದರ ಪಕ್ಕದಲ್ಲಿ ಶನಿವಾರದ ತೂಕದ ಚೀಟಿ ಇಟ್ಟ. ಎರಡನ್ನೂ ಅಂಗೈಯಿಂದ ಸವರಿ ನೇರ ಮಾಡಿದ.

"ಟ್ರೆಂಟ್ ಹಿಲ್ಟಿ," ಎಂದು ಓದಿದ, ಎಲ್ಲರಿಗೂ ಕೇಳುವ ಹಾಗೆ. "ಒಳ್ಳೆಯ ಹುಡುಗ. ಬಾಸ್ಕೆಟ್‌ಬಾಲ್ ಆಟಗಾರನಲ್ಲ. ಎಫ್. ಇದನ್ನು ಎರಡು ವರ್ಷ ಬರೆಯದೆ ಮುಚ್ಚಿಟ್ಟದ್ದಕ್ಕೆ ನನಗೂ ಎಫ್." ತಲೆಯೆತ್ತಿದ. "ನೀನೇ ಬರೆದದ್ದಾ?"

"ನಾನೇ."

"ಮೂವತ್ತು ವರ್ಷದಿಂದ ನನ್ನ ಜೋಳ ಒದ್ದೆ ಅಂತ ಮುಖದ ಮೇಲೆ ಹೇಳ್ತಿದೀಯಲ್ಲ ಮರ್ಲ್. ಯಾವತ್ತಾದ್ರೂ ನಿನ್ನ ಮೇಲೆ ಜಗಳಕ್ಕೆ ಬಂದಿದೀನಾ?"

"ಒಂದ್ಸಲ. ತೊಂಬತ್ತೆಂಟರಲ್ಲಿ."

"ಆವತ್ತು ನಿನ್ನ ಯಂತ್ರ ಕೆಟ್ಟಿತ್ತು."

"ಕೆಟ್ಟಿರ್ಲಿಲ್ಲ ಡೆಲ್ಬರ್ಟ್."

"ಕೆಟ್ಟಿತ್ತು ಕಣೋ! ಸರಿ, ಬಿಡು ಅದನ್ನ." ಡೆಲ್ಬರ್ಟ್ ನೆಡ್ರಾ ಕೊಟ್ಟ ಕಾಫಿಗೆ ಕೈ ಸುತ್ತಿದ. "ನಾನು ಅರವತ್ತು ವರ್ಷದಿಂದ ಈ ಆಟ ನೋಡ್ತಿದೀನಿ. ಮೊಮ್ಮಗ ಅಂಗಳಕ್ಕಿಳಿದ ದಿನವೇ ನನ್ನ ಕಣ್ಣಿಗೆ ಗೊತ್ತಾಯ್ತು, ಇವನ ಕೈಲಿ ಆಗಲ್ಲ ಅಂತ. ಬುಧವಾರ ಪೇಪರ್ ನೋಡಿದ್ರೆ ನೀನು ಸಿ ಕೊಟ್ಟಿದೀಯ. ಮುಂದಿನ ವಾರನೂ ಸಿ. ನೀನು ಪಾದ್ರಿ ಮಗನ್ನೂ ಬಿಡದಿರೋನು. ಹಾಗಾದ್ರೆ ಇವನಲ್ಲಿ ಏನೋ ಇದೆ, ಮರ್ಲ್‌ಗೆ ಕಾಣ್ತಿದೆ, ನಂಗೇ ಕಾಣ್ತಿಲ್ಲ ಅಂದ್ಕೊಂಡೆ."

"ಡೆಲ್ಬರ್ಟ್—"

"ತಡಿ, ಮುಗಿಸ್ತೀನಿ. ಹೋದ ನವೆಂಬರ್‌ನಲ್ಲಿ ಫೋರ್ಟ್ ವೇನ್‌ಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸ್ದೆ. ಪೊರೆ ಇರಬೇಕು, ತೆಗೀರಿ ಅಂದೆ. ಎರಡು ಗಂಟೆ ಕೂರಿಸ್ಕೊಂಡು ಏನೇನೋ ಹನಿ ಹಾಕಿದ್ರು. ಕಣ್ಣು ಚೆನ್ನಾಗಿದೆ, ಮನೆಗೆ ಹೋಗಿ ಅಂದ್ಬಿಟ್ರು. ಆಮೇಲೂ ಬಂದು ನೋಡ್ತೀನಿ, ಹುಡುಗ ಹಾಗೇ ಇದಾನೆ, ನೀನು ಸಿ ಕೊಡ್ತಿದೀಯ! ಕಣ್ಣಲ್ಲ, ತಲೇನೇ ಹೋಯ್ತು ಅಂತ ಹೆದರಿದ್ದೆ ಮಾರಾಯ."

ದುಂಡು ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ನೆಡ್ರಾ ಕಾಫಿಯ ಹೂಜಿಯನ್ನು ಎದೆಗೆ ಅವಚಿಕೊಂಡು ಭುಜ ಕುಣಿಸುತ್ತಿದ್ದಳು. ಮರ್ಲ್ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದ.

"ನಾನು ನಿಂಗೆ ನೋವಾಗುತ್ತೆ ಅಂತ..."

"ನೋವಾಗುತ್ತೆ. ಯಾಕಾಗಲ್ಲ? ಒದ್ದೆ ಜೋಳ ಅಂದಾಗಲೂ ಆಗುತ್ತೆ. ಅದಕ್ಕೆ ನೀನು ಒಣಗಿದೆ ಅಂತ ಬರೆದ್ರೆ ಜೋಳ ಒಣಗುತ್ತಾ? ಒಳಗೆ ಹಾಕಿದ್ರೆ ಇಡೀ ಕಣಜ ಮುಗ್ಗಲು ಹಿಡಿಯುತ್ತೆ." ಡೆಲ್ಬರ್ಟ್ ಈಗ ಕ್ಯಾಪು ತೆಗೆದು ಬೆಂಚಿನ ಮೇಲಿಟ್ಟ. "ಇವತ್ತು ಬೆಳಿಗ್ಗೆ ಪೇಪರ್ ಅವನೇ ತಂದ. ಅಡುಗೆಮನೆ ಬಾಗಿಲಲ್ಲಿ ನಿಂತು ನಗ್ತಿದಾನೆ. ಎಫ್ ತಗೊಂಡು ಅಷ್ಟು ನಕ್ಕವನನ್ನ ನಾನು ನೋಡಿಲ್ಲ. ಆಮೇಲೆ ಎಲ್ಲ ಹೇಳಿದ. ನಿನ್ನ ಹತ್ರ ಬಂದು ಕೇಳಿದ್ದನ್ನೂ ಹೇಳಿದ. ಹೇಳ್ಕೊಂಡೇ ಐದು ಮೊಟ್ಟೆ ತಿಂದ. ನಾನೂ ಮೂರು ತಿಂದೆ."

"ಹಾಗಾದ್ರೆ ಇಲ್ಲಿಗೆ ಯಾಕೆ ಬಂದೆ?" ಎಂದಳು ನೆಡ್ರಾ.

"ಇವನು ತಿಂದಿರಲ್ಲ ಅಂತ ಗೊತ್ತಿತ್ತು. ನಿನ್ನ ಬಿಸ್ಕೆಟ್ಟು, ಗ್ರೇವಿ ಇದ್ರೆ ತಂದುಕೊಡು."

ನೆಡ್ರಾ ತಂದಿಟ್ಟ ತಟ್ಟೆಯನ್ನು ಮರ್ಲ್ ಖಾಲಿ ಮಾಡಿದ. ಇನ್ನೊಂದು ಬೇಕೆಂದು ಬೆರಳೆತ್ತಿ ತೋರಿಸಿದ.

ಶುಕ್ರವಾರ ಏಳು ಗಂಟೆಗೆ ಜಿಮ್ ತುಂಬಿತ್ತು. ಸೋತ ವಾರದ ಮರುವಾರ ಜನ ಹೆಚ್ಚು. ಇನ್ನೂ ಎಷ್ಟು ಹಾಳಾಗಿ ಆಡುತ್ತಾರೆಂದು ನೋಡಲು ಬರುತ್ತಾರೆ. ಮರ್ಲ್ ತನ್ನ ಜಾಗದಲ್ಲಿ ಕೂತು ಮೊಣಕಾಲ ಮೇಲೆ ಹಾಳೆ ಬಿಡಿಸಿದ. ತಂಡ ಬಿಟ್ಟ ಟ್ರೆಂಟ್‌ನ ಜಾಗಕ್ಕೆ ಕೋಚ್ ಒಬ್ಬ ಗಿಡ್ಡ ಹುಡುಗನನ್ನು ಇಳಿಸಿದ್ದ. ಅವನು ಎತ್ತರದವರ ಕಂಕುಳ ಸಂದಿಯಲ್ಲೆಲ್ಲ ನುಸುಳಿ ಓಡಾಡುತ್ತಿದ್ದ. ಕಾರ್ಬೆಟ್ ಆಗಲೇ ಎಂಟು ಅಂಕ ಹಿಂದಿತ್ತು. ಎಂಟೇ.

"ಲೋ ಹಿಲ್ಟಿ, ಕೂತ್ಕೊಳೋ! ಹಿಂದೆ ಯಾರಿಗೂ ಕಾಣ್ತಿಲ್ಲ!" ಎದುರು ಬದಿಯಿಂದ ನೆಡ್ರಾಳ ದನಿ.

"ಕೂತೇ ಇದೀನಿ ಆಂಟಿ!"

ಸುತ್ತ ನಗು ಎದ್ದಿತು. ಪತಾಕೆಯ ಕೆಳಗೆ, ನಾಲ್ಕನೆಯ ಸಾಲಿನಲ್ಲಿ, ಟ್ರೆಂಟ್ ಹಿಲ್ಟಿ ಬೆನ್ನು ಜಾರಿಸಿ, ಮೊಣಕಾಲು ಗಲ್ಲದ ಹತ್ತಿರ ಬರುವಷ್ಟು ಕೆಳಗೆ ಸರಿದ. ಮಡಿಲಲ್ಲಿ ಪಾಪ್‌ಕಾರ್ನ್ ಡಬ್ಬಿ. ಅಷ್ಟರಲ್ಲಿ ಅಂಗಳದಲ್ಲಿ ಗಿಡ್ಡ ಹುಡುಗ ಚೆಂಡು ಕಸಿದು ಓಡಿದ, ಮತ್ತು ಟ್ರೆಂಟ್ ಹಾಗೇ ಬಾಯಿ ತೆರೆದು, ಹಿಡಿ ತುಂಬಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನೋಡುತ್ತಾ ಉಳಿದ. ಪಕ್ಕದಲ್ಲಿ ಡೆಲ್ಬರ್ಟ್, ಚೆಂಡಿನಿಂದ ಕಣ್ಣು ತೆಗೆಯದೆಯೇ, ಡಬ್ಬಿಗಾಗಿ ತಡಕಾಡಿದ. ಟ್ರೆಂಟ್ ಕೂಡ ಅವನ ಕಡೆ ನೋಡಲಿಲ್ಲ. ಡಬ್ಬಿಯನ್ನು ಮಾತ್ರ ಅಜ್ಜನ ಕೈಯ ಕಡೆಗೆ ಸ್ವಲ್ಪ ವಾಲಿಸಿ ಹಿಡಿದ.